ಬಿಸಿಲು ಏರುವ ಮುನ್ನ ಎಸ್‌ಎಸ್‌ಡಿ ತೆರೆದು ನೋಡಿಸಿ

ಏಪ್ರಿಲ್ ಬಂತೆಂದರೆ ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಸೊಲ್ಲಾಪುರ ರಸ್ತೆಯಲ್ಲಿ ತಗಡಿನ ಸೂರಿನ ಝೆರಾಕ್ಸ್ ಅಂಗಡಿಯೋ ಆನ್‌ಲೈನ್ ಸೆಂಟರೋ ಇದ್ದರೆ ಒಳಗಿನ ಸೆಕೆ ಇನ್ನೂ ಜಾಸ್ತಿ. ಮದುವೆ ವಿಡಿಯೊ ಎಡಿಟಿಂಗ್, ಟಿಕೋಟಾ–ಬಬಲೇಶ್ವರ ಭಾಗದ ಒಣದ್ರಾಕ್ಷಿ ಲೆಕ್ಕ, ಕಾಲೇಜು ಪ್ರವೇಶದ ಅರ್ಜಿ ಎಲ್ಲವೂ ಕಂಪ್ಯೂಟರಿನ ಮೇಲೆ ಬೀಳುವುದು ಆ ದಿನಗಳಲ್ಲೇ. ಕಡತಗಳನ್ನು ಕೂಡಿಡುವ ಎನ್‌ವಿಎಂಇ ಎಸ್‌ಎಸ್‌ಡಿ ಡ್ರೈವ್ ಹಾಕಿಸಿಕೊಂಡವರು ಅದರ ಥರ್ಮಲ್ ಪ್ಯಾಡ್ ಸರಿಯಾಗಿ ಕೂತಿದೆಯೇ ಎಂದು ಈಗಲೇ ನೋಡಿಸುವುದು ಒಳಿತು.

ಸಾಮಾನ್ಯವಾಗಿ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದವಿರುವ ಈ ಡ್ರೈವಿನಲ್ಲಿ ಹೆಚ್ಚು ಕಾವೇರುವುದು ಕಂಟ್ರೋಲರ್ ಚಿಪ್. ಮನೆಬಳಕೆಯ ಬಹುತೇಕ ಡ್ರೈವ್‌ಗಳಿಗೆ ಕಂಪನಿಗಳು ನಮೂದಿಸುವ ಮಿತಿ 70 ಡಿಗ್ರಿ. ಕೋಣೆಯೇ 40 ಇದ್ದರೆ ಉಳಿಯುವ ಅಂತರ 30 ಮಾತ್ರ. ಕಾವು ಮಿತಿಮೀರಿದರೆ ಡ್ರೈವ್ ತಾನಾಗಿ ವೇಗ ತಗ್ಗಿಸುತ್ತದೆ. ವರ್ಷಗಟ್ಟಲೆ ಹೀಗೇ ಕಾದರೆ ಬಾಳಿಕೆಗೂ ಪೆಟ್ಟು.

ಚಿಪ್ಪಿಗೂ ಅದರ ಕಾವು ಹೊರಹಾಕುವ ಲೋಹದ ಹೀಟ್‌ಸಿಂಕಿಗೂ ನಡುವಿನ ಸಂದು ತುಂಬಿ ಕಾವು ದಾಟಿಸುವುದು ಪ್ಯಾಡಿನ ಕೆಲಸ. ಕೆಡುವುದು ಜೋಡಿಸುವಾಗ. ಪ್ಯಾಡಿನ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಸುಲಿಯದೆ ಸ್ಕ್ರೂ ಬಿಗಿದರೆ ಕಾವು ಸರಿಯಾಗಿ ದಾಟುವುದಿಲ್ಲ. ದಪ್ಪ ಪ್ಯಾಡ್ ತುರುಕಿದರೆ ಬೋರ್ಡು ಬಾಗುತ್ತದೆ, ತೀರಾ ತೆಳುವಾದರೆ ಚಿಪ್ಪಿಗೆ ತಾಗುವುದೇ ಇಲ್ಲ. 0.5, 1, 1.5 ಮಿ.ಮೀ. ಪ್ಯಾಡ್‌ಗಳು ಸಿಗುತ್ತವೆ, ಸಂದು ಅಳೆದೇ ಆರಿಸಬೇಕು. ಪ್ರೊಸೆಸರಿಗೆ ಹಚ್ಚುವ ಪೇಸ್ಟ್ ಇಷ್ಟು ಅಗಲದ ಸಂದು ತುಂಬದು. ಡ್ರೈವಿನ ಲೇಬಲ್ ಕೀಳಬೇಡಿ, ವಾರಂಟಿ ಹೋದೀತು. ಹೀಟ್‌ಸಿಂಕ್ ಇಲ್ಲದೆ ಬರೀ ಪ್ಯಾಡ್ ಅಂಟಿಸಿ ಪ್ರಯೋಜನವಿಲ್ಲ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಇದ್ದವರಿಗೆ ಈ ಚಿಂತೆಯೇ ಬೇಡ.

ಪರೀಕ್ಷೆಗೆ ಖರ್ಚಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದಿಟ್ಟು ದೊಡ್ಡ ವಿಡಿಯೊ ಫೈಲೊಂದನ್ನು ಕಾಪಿ ಮಾಡಿ. ಅದರಲ್ಲಿ ಕಾಣುವ ತಾಪಮಾನ 70 ಡಿಗ್ರಿಯತ್ತ ಓಡಿದರೆ ಕ್ಯಾಬಿನೆಟ್ ಬಿಚ್ಚಿಸಲೇಬೇಕು.

ಅಂಗಡಿಯವರು ಡ್ರೈವ್ ಹಾಕಿಕೊಡುವಾಗ ಗಿರಾಕಿಯ ಎದುರೇ ಈ ಪರೀಕ್ಷೆ ಮಾಡಿ ತೋರಿಸಲಿ. ಶಾಲೆ, ಪಂಚಾಯಿತಿ, ಸಹಕಾರಿ ಸಂಘಗಳು ಖರೀದಿ ಆದೇಶದಲ್ಲೇ ಹೀಟ್‌ಸಿಂಕ್, ಪ್ಯಾಡ್ ಎಂದು ಬರೆಸಲಿ. ಇಷ್ಟಾದ ಮೇಲೂ ಬ್ಯಾಕಪ್ ಬಿಡುವಂತಿಲ್ಲ: ಎಸ್‌ಎಸ್‌ಡಿ ಕೈಕೊಟ್ಟರೆ ಒಳಗಿನ ದಾಖಲೆ ಹೊರತೆಗೆಯುವುದು ಬಲು ಕಷ್ಟ, ಸಾಧ್ಯವಾದರೂ ದುಬಾರಿ. ಮಾರ್ಚ್ ಮುಗಿಯುವುದರೊಳಗೆ ಪ್ಯಾಡ್ ಪರೀಕ್ಷೆ, ಬ್ಯಾಕಪ್ ಎರಡೂ ಮುಗಿಸಿಕೊಳ್ಳಿ.