ಬಾವಿಯ ದಂಡೆಯಲ್ಲಿ ಬರೆಯಬೇಕಾದದ್ದು

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಹೊರಟರೆ, ತಿಕೋಟಾ ಬರುವುದಕ್ಕೆ ಬಹಳ ಮೊದಲೇ, ಹೊಲಗಳ ಮಗ್ಗುಲಲ್ಲಿ ಗೋರಿಗಳ ಸಾಲುಗಳು ಕಾಣಸಿಗುತ್ತವೆ. ಜನ ಅದನ್ನು ‘ಸಾಠ ಕಬರ’ ಎನ್ನುತ್ತಾರೆ. ಹೆಸರಿನಲ್ಲಿರುವುದು ಅರವತ್ತು, ಕಥೆಯಲ್ಲಿರುವುದು ಅರವತ್ತಮೂರು ಹೆಂಗಸರು. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಅಫಜಲಖಾನನಿಗೆ, ಜೀವಸಹಿತ ಮರಳಲಾರೆಯೆಂದು ಜೋಯಿಸರು ನುಡಿದರಂತೆ. ತನ್ನ ತರುವಾಯ ಹೆಂಡಿರು ಪರರ ಪಾಲಾಗಬಾರದೆಂದು ಅವರನ್ನೆಲ್ಲ ಬಾವಿಗೆ ನೂಕಿಸಿದನಂತೆ. ಆ ವರ್ಷದ ನವೆಂಬರಿನಲ್ಲಿ ಖಾನನು ಪ್ರತಾಪಗಡದ ಬಳಿ ಮಡಿದದ್ದು ಇತಿಹಾಸ. ಹೆಂಡಿರ ಸಂಗತಿಯಾದರೋ ಇಂದಿಗೂ ‘ಅಂತೆ’ಯಲ್ಲಿಯೇ ನಿಂತಿದೆ. ಗೋರಿಗಳ ಮೇಲ್ಭಾಗ ಚಪ್ಪಟೆಯಾಗಿರುವುದರಿಂದ ಅವು ಹೆಂಗಸರವೆಂದು ಬಲ್ಲವರು ಹೇಳುವರು. ಅದಕ್ಕೂ ಹೆಚ್ಚಿನದನ್ನು ಕಲ್ಲು ಹೇಗೆ ಹೇಳೀತು?

ಇದೇ ರಸ್ತೆಯಲ್ಲಿ ಈಗ ವೈದ್ಯಕೀಯ ಕಾಲೇಜೊಂದಿದೆ. ವೈದ್ಯರಾಗುವವರು ಎಲ್ಲೆಡೆಯಂತೆ ಇಲ್ಲಿಯೂ ನ್ಯಾಯವೈದ್ಯಶಾಸ್ತ್ರವನ್ನು ಓದಲೇಬೇಕು. ಸಾವಿನ ಸ್ಥಳದಲ್ಲಿ ಮೊದಲು ಮಾಡಬೇಕಾದುದು ಏನನ್ನೂ ಮುಟ್ಟದೆ ನೋಡುವುದು. ಹೆಣ ಬಿದ್ದ ಭಂಗಿ, ಗೋಡೆಯಿಂದಲೋ ಮರದಿಂದಲೋ ಅಳೆದ ದೂರ, ಬಟ್ಟೆಯ ಸ್ಥಿತಿ, ಇವುಗಳ ಚಿತ್ರ ತೆಗೆದು ಟಿಪ್ಪಣಿ ಮಾಡಿಕೊಂಡ ಮೇಲೆಯೇ ಕೈ ಹಾಕಬೇಕು. ಉರುಲಿದ್ದರೆ ಅದರ ಗಂಟನ್ನು ಬಿಚ್ಚಲಾಗದು. ಬೇರೆ ಕಡೆ ಹಗ್ಗವನ್ನು ಕತ್ತರಿಸಿ ಗಂಟನ್ನು ಇದ್ದಂತೆಯೇ ಉಳಿಸಬೇಕು. ಸತ್ತ ಮೇಲೆ ರಕ್ತ ದೇಹದ ತಗ್ಗಿದ ಭಾಗಕ್ಕೆ ಇಳಿದು ಕೆನ್ನೀಲಿ ಕಲೆಯಾಗುತ್ತದೆ; ಕೆಲವು ತಾಸುಗಳ ಬಳಿಕ ಆ ಕಲೆ ನೆಲೆನಿಲ್ಲುತ್ತದೆ. ಬೋರಲು ಬಿದ್ದ ಹೆಣದ ಬೆನ್ನಿನಲ್ಲಿ ಅದು ಕಂಡರೆ, ಯಾರೋ ಹೆಣವನ್ನು ಹೊರಳಿಸಿದ್ದಾರೆಂದೇ ಅರ್ಥ. ಶವ ತಣ್ಣಗಾದ ಲೆಕ್ಕದಿಂದ ಸಾವಿನ ವೇಳೆಯನ್ನು ಊಹಿಸುವುದುಂಟು. ಆದರೆ ಚಳಿದೇಶದವರ ಆ ಲೆಕ್ಕ ವಿಜಯಪುರದ ಬೇಸಗೆಗೆ ಒಗ್ಗದು. ಗಾಳಿಯೇ ಮೈಗಿಂತ ಬಿಸಿಯಾಗಿರುವ ಮಧ್ಯಾಹ್ನದಲ್ಲಿ ಶವ ತಣಿಯುವುದೆಲ್ಲಿಂದ ಬಂತು! ಆದ್ದರಿಂದ ಹವೆಯ ತಾಪವನ್ನೂ ನೋಡಿದ ಗಳಿಗೆಯನ್ನೂ ಜೊತೆಗೇ ಬರೆಯಬೇಕು.

ಬಾವಿಯ ಸಾವು ಎಲ್ಲಕ್ಕಿಂತ ಕಠಿನವಾದುದು. ಕೈಕಾಲುಗಳ ಚರ್ಮ ನೆನೆದು ಸುಕ್ಕುಗಟ್ಟಿದ್ದನ್ನು ಕಂಡು ‘ನೀರಿನಲ್ಲಿ ಮುಳುಗಿಯೇ ಸತ್ತಳು’ ಎನ್ನುವವರಿದ್ದಾರೆ. ಅದು ತಪ್ಪು, ಸತ್ತ ಮೇಲೆ ಎಸೆದರೂ ಚರ್ಮ ಸುಕ್ಕಾಗುವುದು. ಮೂಗು ಬಾಯಿಗಳಲ್ಲಿ ನವಿರಾದ ಬಿಳಿಯ ನೊರೆ, ಮುಷ್ಟಿಯಲ್ಲಿ ಬಿಗಿಹಿಡಿದ ಹುಲ್ಲು ಅಥವಾ ಕೆಸರು, ಇವು ಉಸಿರಿದ್ದಾಗಲೇ ನೀರು ಸೇರಿದಳೆಂಬುದರ ಗುರುತುಗಳು. ಮೈ ಒರೆಸಿದರೆ ಹೊರಗೆ ಕಂಡ ನೊರೆ ಅಳಿಸಿಹೋಗಬಹುದು. ಬಂಧುಗಳು ಕೈ ಬಿಡಿಸಿದರೆ ಹುಲ್ಲು ಹೋಯಿತು. ಇಷ್ಟಾದರೂ ಹಾರಿದಳೋ ಜಾರಿದಳೋ ನೂಕಿದರೋ ಎಂಬುದು ನೊರೆಯಿಂದ ತಿಳಿಯದು. ಅದಕ್ಕೆ ದಂಡೆಯ ಮೇಲಿನ ಹೆಜ್ಜೆ, ಒಡೆದ ಬಳೆ, ತೋಳಿನ ಮೇಲಿನ ಬೆರಳಿನ ಗುರುತುಗಳನ್ನು ಹುಡುಕಬೇಕು.

ಪಂಚನಾಮೆಯಲ್ಲಿ ‘ಬಾವಿಗೆ ಹಾರಿ ಮೃತಪಟ್ಟಿದ್ದು ಕಂಡುಬಂತು’ ಎಂದು ಬರೆದುಬಿಡುವುದು ಸುಲಭ. ಹಾರಿದ್ದನ್ನು ಪಂಚರು ಕಂಡರೆ? ಅವರು ಕಂಡದ್ದು ಹೆಣವನ್ನು. ಹಿಂದಿನ ದಂಡಪ್ರಕ್ರಿಯಾ ಸಂಹಿತೆಯ 174ನೆಯ ಕಲಮೂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮೂ ಕೇಳುವುದು, ನೆರೆಯ ಇಬ್ಬರಾದರೂ ಗೌರವಸ್ಥರ ಸಮಕ್ಷಮದಲ್ಲಿ ಗಾಯ, ಮುರಿತ, ಬಾವುಗಳ ವರ್ಣನೆಯನ್ನು. ತೋರಿಕೆಯ ಕಾರಣ ಅದರ ಮೇಲೆ ನಿಲ್ಲತಕ್ಕದ್ದು. ಮದುವೆಯಾಗಿ ಏಳು ವರ್ಷ ತುಂಬದ ಹೆಣ್ಣು ಆತ್ಮಹತ್ಯೆ ಮಾಡಿಕೊಂಡಳೆಂದರೆ, ಅಥವಾ ಸಂಶಯಕ್ಕೆಡೆಯಾಗುವಂತೆ ಸತ್ತರೆ, ಶವವನ್ನು ವೈದ್ಯರ ಪರೀಕ್ಷೆಗೆ ಕಳುಹಿಸಲೇಬೇಕು. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೇ ಬರಬೇಕೆಂದೂ, ಅಲ್ಲಿನ ಕೆಲಸದ ವೀಡಿಯೊ ತೆಗೆಯಬೇಕೆಂದೂ ಹೊಸ ಸಂಹಿತೆ ವಿಧಿಸಿದೆ. ಅಣಿಯಾಗಲು ರಾಜ್ಯಗಳಿಗೆ ಐದು ವರ್ಷದ ಗಡುವನ್ನು ಕೊಟ್ಟಿದೆ. ತಜ್ಞರು ಬರುವ ಹೊತ್ತಿಗೆ ದಂಡೆಯ ಮೇಲೆ ಊರೆಲ್ಲ ನೆರೆದಿದ್ದರೆ ಅವರೇನು ಮಾಡಿಯಾರು!

ಸಾಠ ಕಬರಿನ ಹೆಂಗಸರ ಮೂಳೆಗಳನ್ನು ಇಂದು ಯಾರಾದರೂ ಪರೀಕ್ಷಿಸಿದರೆನ್ನಿ. ಹೆಣ್ಣೆಂಬುದನ್ನೂ ಸುಮಾರು ವಯಸ್ಸನ್ನೂ ಅವು ಹೇಳಬಹುದು. ಬಾವಿಯ ದಂಡೆಯಲ್ಲಿ ಆ ದಿನ ಯಾರು ಯಾರ ತೋಳನ್ನು ಹಿಡಿದಿದ್ದರು ಎಂಬುದನ್ನು ಹೇಳಲಾರವು.