ಮಲೆಯ ದಾರಿಯೂ ಅಧಿಕಾರಿಭೇದವೂ

ಬೆಟ್ಟವನ್ನು ಹತ್ತುವುದು ಕನ್ನಡ ನಾಡಿನ ಜನರಿಗೆ ಹೊಸತಾದ ವಿದ್ಯೆಯೇನೂ ಅಲ್ಲ. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲುಗಳನ್ನು ಕಟ್ಟಿಸಿದಾಗ ದಾರಿಯ ನಡುವೆ ಮಹಾನಂದಿಯನ್ನೂ ಕಡೆಯಿಸಿದರು. ಬಲವುಳ್ಳವನು ನಂದಿಗೆ ನಮಸ್ಕರಿಸಿ ಮುಂದೆ ಸಾಗುವನು. ಬಲವಿಲ್ಲದವನು ಅಲ್ಲಿಯೇ ಕುಳಿತು, ಮೈಸೂರನ್ನು ಕಣ್ತುಂಬ ನೋಡಿ, ಪುಣ್ಯಕ್ಕೆ ಲೋಪವಿಲ್ಲದೆ ಹಿಂದಿರುಗುವನು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲಿಯೇ ಕೊರೆದ ಮೆಟ್ಟಿಲುಗಳೂ ಉಂಟು, ಏರಲಾರದವರಿಗೆ ಡೋಲಿಯೂ ಉಂಟು. ತಿರುಮಲೆಗೆ ಅಲಿಪಿರಿಯಿಂದ ಉದ್ದನೆಯ ದಾರಿಯೊಂದು, ಶ್ರೀವಾರಿ ಮೆಟ್ಟಿನಿಂದ ಗಿಡ್ಡದಾದರೂ ಕಡಿದಾದ ದಾರಿ ಇನ್ನೊಂದು. ಕಾಲುಗಳು ಎಲ್ಲರಿಗೂ ಒಂದೇ ಸಮನಲ್ಲವೆಂಬ ಸಾಮಾನ್ಯ ವಿವೇಕವು ಹಿಂದಿನವರಿಗೆ ಇದ್ದಿತು. ಇಂದು ಕಾಡಿನ ಬೆಟ್ಟಗಳಲ್ಲಿ ನಡೆಯುತ್ತಿರುವುದನ್ನು ನೋಡಿದರೆ ಆ ವಿವೇಕವು ದೇವಸ್ಥಾನದ ಮೆಟ್ಟಿಲುಗಳಲ್ಲಿಯೇ ಉಳಿದುಹೋಯಿತೇನೋ ಎನಿಸದಿರದು.

ಕಾಡುಬೆಟ್ಟಗಳಲ್ಲಿ ನಡೆಯುವುದಕ್ಕೆ ಈಗ ‘ಚಾರಣ’ವೆಂದು ಹೆಸರು. ಸಂಸ್ಕೃತದಲ್ಲಿ ಚಾರಣನೆಂದರೆ ಊರೂರು ತಿರುಗುವ ಸ್ತುತಿಪಾಠಕ. ಹೊಸ ಅರ್ಥವು ಹಳೆಯದನ್ನು ಪೂರ್ತಿಯಾಗಿ ಬಿಟ್ಟಿಲ್ಲ. ಶಿಖರದಲ್ಲಿ ನಿಂತು ತನ್ನ ಚಿತ್ರವನ್ನು ತಾನೇ ತೆಗೆದು ಲೋಕಕ್ಕೆಲ್ಲ ಕಳುಹುವವನು ಆತ್ಮಸ್ತುತಿಯ ಪಾಠಕನೇ ಸರಿ. ಒಬ್ಬನ ಚಿತ್ರವನ್ನು ಕಂಡು ನೂರು ಜನ, ನೂರು ಜನರನ್ನು ಕಂಡು ಸಾವಿರ ಜನ, ಗಡ್ಡರಿಕಾಪ್ರವಾಹನ್ಯಾಯದಂತೆ ಮುಂದಿನ ಕುರಿಯನ್ನು ಹಿಂದಿನ ಕುರಿ ಅನುಸರಿಸುತ್ತದೆ. 2024ನೆಯ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಲ್ಲಿ, ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಮಂದಿ ಜಾತ್ರೆಯಂತೆ ನೆರೆದ ದೃಶ್ಯವು ಅದರ ಫಲ. ಅದನ್ನು ಕಂಡು ಸರಕಾರವು, ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣದಾರಿಗಳನ್ನೆಲ್ಲ ಕೆಲವು ಕಾಲ ಮುಚ್ಚಿಸಿತು. ಅದೇ ವರ್ಷ ‘ಅರಣ್ಯ ವಿಹಾರ’ವೆಂಬ ಜಾಲತಾಣವನ್ನು ತೆರೆದು, ಒಂದು ದಾರಿಗೆ ದಿನಕ್ಕೆ 300 ಮಂದಿಯೆಂದು ಮಿತಿಯನ್ನು ಗೊತ್ತುಮಾಡಿತು.

ಮಿತಿ ಬೇಕಾದದ್ದೇ, ಅದನ್ನು ಆಕ್ಷೇಪಿಸುವವನು ಕಾಡಿನ ಮಿತ್ರನಲ್ಲ. ಆದರೆ ಇದು ತಲೆಗಳನ್ನು ಎಣಿಸಿ ಕಾಲುಗಳನ್ನು ಮರೆತ ಲೆಕ್ಕ. ಕುಮಾರಪರ್ವತದ ಎತ್ತರ 1,712 ಮೀಟರು. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟವನು ದಟ್ಟವಾದ ಕಾಡನ್ನು ದಾಟಿ ಗಿರಿಗದ್ದೆಗೆ ಬಂದು, ಅಲ್ಲಿಂದ ನೆರಳೇ ಇಲ್ಲದ ಹುಲ್ಲಿನ ಏರನ್ನು ಏರಿ, ಕಲ್ಲುಮಂಟಪ, ಶೇಷಪರ್ವತಗಳನ್ನು ಕಳೆದು ಶಿಖರವನ್ನು ಸೇರಬೇಕು. ಏರುವ ಎತ್ತರವೇ 1,500 ಮೀಟರಿಗೆ ಮೇಲ್ಪಟ್ಟದ್ದು. ಸೋಮವಾರಪೇಟೆಯ ಕಡೆಯಿಂದ ಬರುವ ದಾರಿಯಾದರೋ ಇದಕ್ಕಿಂತ ಬಹಳ ಗಿಡ್ಡ. ಶಿಖರ ಒಂದೇ, ದಾರಿಗಳ ಕಷ್ಟ ಬೇರೆ ಬೇರೆ. ಆ 300 ಮಂದಿಯಲ್ಲಿ ಮಲೆಯಲ್ಲಿಯೇ ಹುಟ್ಟಿ ಬೆಳೆದವನೂ ಇರಬಹುದು, ವರ್ಷವೆಲ್ಲ ಕುರ್ಚಿಯಲ್ಲಿ ಕುಳಿತು ದುಡಿದು ಒಂದೇ ಒಂದು ಬಾಟಲಿ ನೀರಿನೊಡನೆ ಬಂದವನೂ ಇರಬಹುದು. ಚೀಟಿಯು ಇಬ್ಬರಿಗೂ ಒಂದೇ. ಎರಡನೆಯವನು ಹುಲ್ಲುಗುಡ್ಡದ ನಡುವೆ ಬಿಸಿಲಿನಲ್ಲಿ ಕುಸಿದಾಗ ಅವನನ್ನು ಹೊತ್ತು ಇಳಿಸುವ ಶ್ರಮವು ಹಳ್ಳಿಯ ಬಡವರ ಹೆಗಲಿಗೆ ಬೀಳುತ್ತದೆ.

ಇಲ್ಲಿ ಮೊದಲನೆಯ ಪೂರ್ವಪಕ್ಷದವರು ಏಳುತ್ತಾರೆ. “ಕಾಡು ಪ್ರಾಣಿಗಳದು, ಮನುಷ್ಯನಿಗೆ ಅಲ್ಲೇನು ಕೆಲಸ? ದಾರಿಗಳನ್ನೆಲ್ಲ ಮುಚ್ಚಿಬಿಟ್ಟರೆ ತೊಂದರೆಯೇ ಇಲ್ಲ” ಎಂದು ಇವರ ವಾದ. ಇವರ ಅಂತಃಕರಣವು ಶುದ್ಧವಾದದ್ದು. ವಾದವು ಅರ್ಧ ಸತ್ಯವಾದದ್ದು. ಮನುಷ್ಯನ ಹೆಜ್ಜೆಯೇ ಬೀಳಬಾರದಂತಹ ಗರ್ಭಗುಡಿಗಳು ಕಾಡಿನಲ್ಲಿಯೂ ಇರತಕ್ಕದ್ದೇ. ಕಾಳ್ಗಿಚ್ಚಿನ ಬೇಸಗೆಯಲ್ಲಿಯೂ ಹಳ್ಳಗಳು ಉಕ್ಕುವ ಮಳೆಗಾಲದಲ್ಲಿಯೂ ದಾರಿಯನ್ನು ಮುಚ್ಚುವುದು ಸರಿಯೇ. ಆದರೆ ಗರ್ಭಗುಡಿಯ ಪಾವಿತ್ರ್ಯಕ್ಕಾಗಿ ಪ್ರಾಕಾರದ ಬಾಗಿಲನ್ನೇ ಹಾಕಿದರೆ ಆ ದೇವರಿಗೆ ಭಕ್ತರು ಉಳಿಯುವರೆ? ಕುದುರೆಮುಖದ ಚರಿತ್ರೆಯನ್ನು ನೆನೆಯಬೇಕು. ತುಂಗೆ, ಭದ್ರೆ, ನೇತ್ರಾವತಿಯರ ತವರಾದ ಆ ಸೀಮೆಯು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಮೇಲೆಯೂ ಕಬ್ಬಿಣದ ಅದಿರಿಗಾಗಿ ಬೆಟ್ಟವನ್ನು ಅಗೆಯುವುದು ನಿಲ್ಲಲಿಲ್ಲ. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಗೆ ಅದು ನಿಂತಿತು. ನಾಳೆ ಇನ್ನೊಂದು ಬೆಟ್ಟಕ್ಕೆ ಅಂಥದೇ ಗಂಡಾಂತರ ಒದಗಿದರೆ ಅದರ ಪರವಾಗಿ ಬಾಯಿ ತೆರೆಯುವವರು ಯಾರು? ಶೋಲೆಯ ಕಾಡನ್ನು ಒಮ್ಮೆಯೂ ಕಣ್ಣಾರೆ ಕಾಣದವನಿಗೆ, ಸಿಂಗಳೀಕದ ಹೆಸರನ್ನೇ ಕೇಳದ ಮಗುವಿಗೆ, ಆ ಬೆಟ್ಟವು ಭೂಪಟದ ಮೇಲಿನ ಒಂದು ಹಸುರು ಚುಕ್ಕೆ. ಕಾಣದ ವಸ್ತುವಿನಲ್ಲಿ ಮಮತೆ ಹುಟ್ಟದು. ಮಮತೆಯಿಲ್ಲದಲ್ಲಿ ರಕ್ಷಣೆಯು ಕಾಗದದ ಮೇಲಿನದು.

ಎರಡನೆಯ ಪೂರ್ವಪಕ್ಷದವರು ಇದಕ್ಕೆ ವಿಪರೀತ. “ಪ್ರಜೆಗಳೆಲ್ಲರೂ ಸಮಾನರು; ಆದುದರಿಂದ ಪ್ರತಿ ಶಿಖರಕ್ಕೂ ರಸ್ತೆಯಾಗಲಿ, ಸಿಮೆಂಟಿನ ಮೆಟ್ಟಿಲಾಗಲಿ, ಹಗ್ಗದ ತೊಟ್ಟಿಲಾಗಲಿ” ಎನ್ನುವರು. ಮುದುಕರನ್ನೂ ಅಂಗವಿಕಲರನ್ನೂ ಮುಂದಿಟ್ಟುಕೊಂಡು ಆಡುವ ಈ ಮಾತು ಕಿವಿಗೆ ಇಂಪಾದದ್ದು. ಆದರೆ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯನ್ನು ನೋಡಿರಿ. ಅಲ್ಲಿ ರಸ್ತೆಯು ಶಿಖರದ ಹತ್ತಿರದವರೆಗೂ ಹೋಗಿದೆ. ರಜೆಯ ದಿನ ಅಲ್ಲಿಗೆ ಹೋದ ವೃದ್ಧರಿಗೆ ದೊರಕುವುದೇನು? ಮುಂದೊಂದು ಮೋಟಾರು, ಹಿಂದೊಂದು ಮೋಟಾರು, ನಡುವೆ ಹೊಗೆ. ರಸ್ತೆಯು ದೇಹವನ್ನು ಮೇಲಕ್ಕೆ ಒಯ್ದಿತು; ಕಾಡಿನ ಮೌನವು ಕೆಳಗೆಯೇ ಉಳಿಯಿತು. ಕಾಡಿನ ಸುಖವು ಪ್ರತಿಯೊಬ್ಬನ ಹಕ್ಕೆಂಬುದು ನಿಜ. ಶಿಖರವು ಪ್ರತಿಯೊಬ್ಬನ ಹಕ್ಕೆಂಬುದು ಭ್ರಮೆ. ಈ ಎರಡನ್ನೂ ಒಂದೇ ಎಂದು ತಿಳಿದದ್ದೇ ಸಕಲ ಅನರ್ಥಗಳಿಗೆ ಮೂಲ.

ಸಿದ್ಧಾಂತವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಸಂಸ್ಕೃತ ಪಾಠಶಾಲೆಗೆ ಬಂದ ಹುಡುಗನ ಕೈಗೆ ಯಾವ ಗುರುವೂ ಮೊದಲ ದಿನವೇ ನೈಷಧವನ್ನು ಕೊಡುವುದಿಲ್ಲ. ಮೊದಲು ಶಬ್ದಮಂಜರಿ, ಅಮರಕೋಶ, ಬಳಿಕ ರಘುವಂಶ, ಮಾಘನೂ ಶ್ರೀಹರ್ಷನೂ ಆಮೇಲೆ. ಇದರಿಂದ ಹುಡುಗನಿಗೆ ಅವಮಾನವಾಯಿತೆಂದು ಯಾರೂ ಹೇಳರು. ರಘುವಂಶದಲ್ಲಿಯೇ ನಿಂತವನು ಸಾಹಿತ್ಯದ ಸವಿಯನ್ನು ಕಾಣದೆ ಹೋದನೆಂದೂ ಹೇಳರು. ಶಾಸ್ತ್ರಕಾರರು ಇದನ್ನೇ ಅಧಿಕಾರಿಭೇದವೆಂದರು. ನವವಧುವಿಗೆ ಅರುಂಧತಿಯನ್ನು ತೋರಿಸುವವನು ಮೊದಲು ಹತ್ತಿರದ ದೊಡ್ಡ ನಕ್ಷತ್ರವನ್ನು ತೋರಿಸಿ, ದೃಷ್ಟಿ ಅಲ್ಲಿ ನಿಂತ ಮೇಲೆ ಸೂಕ್ಷ್ಮವಾದದ್ದನ್ನು ತೋರಿಸುವನು. ಕಾಡನ್ನು ತೋರಿಸಬೇಕಾದ ಕ್ರಮವೂ ಇದೇ.

ಈ ಕ್ರಮವನ್ನು ಆಚರಣೆಗೆ ತಂದ ದೇಶಗಳುಂಟು. ಸ್ವಿಟ್ಜರ್ಲೆಂಡಿನ ಜನರು 1979ರಲ್ಲಿ ಕಾಲುದಾರಿಗಳ ವಿಷಯವನ್ನು ತಮ್ಮ ರಾಜ್ಯಾಂಗದಲ್ಲಿಯೇ ಸೇರಿಸಿದರು. 1985ರಲ್ಲಿ ಅದಕ್ಕೆ ಕಾನೂನಾಯಿತು. ಅಲ್ಲಿ 65,000 ಕಿಲೋಮೀಟರು ಕಾಲುದಾರಿಗೆ ಗುರುತಿನ ಫಲಕಗಳಿವೆ. ಹಳದಿಯ ಗುರುತು ಯಾರೂ ನಡೆಯಬಹುದಾದ ದಾರಿಗೆ. ಬಿಳಿ-ಕೆಂಪು-ಬಿಳಿ ಪಟ್ಟೆಯು ಕಾಲು ಗಟ್ಟಿಯಾದವರ ಬೆಟ್ಟದ ದಾರಿಗೆ. ಬಿಳಿ-ನೀಲಿ-ಬಿಳಿ ಪಟ್ಟೆಯು ಹಿಮ, ಬಂಡೆಗಳ ಅನುಭವವುಳ್ಳವರ ದಾರಿಗೆ. ಫಲಕದ ಮೇಲೆ ಬರೆಯುವುದು ಹರದಾರಿಯ ಲೆಕ್ಕವಲ್ಲ, ನಡೆಯಲು ಹಿಡಿಯುವ ಹೊತ್ತು. ಇದೊಂದು ಚಿಕ್ಕ ವಿಷಯವಾದರೂ ಎಷ್ಟು ವಿವೇಕವುಳ್ಳದ್ದು! “ಶಿಖರಕ್ಕೆ ಹತ್ತು ಕಿಲೋಮೀಟರು” ಎಂದರೆ ಪೇಟೆಯ ಹುಡುಗನು ನಗುವನು. “ಐದು ಗಂಟೆ” ಎಂದರೆ ಗಡಿಯಾರವನ್ನೂ ನೀರಿನ ಬಾಟಲಿಯನ್ನೂ ಒಮ್ಮೆ ನೋಡಿಕೊಳ್ಳುವನು. ಅಮೆರಿಕದ ಗ್ರೇಟ್ ಸ್ಮೋಕಿ ಪರ್ವತೋದ್ಯಾನದಲ್ಲಿ 1,200 ಕಿಲೋಮೀಟರಿಗೆ ಮೀರಿದ ಕಾಲುದಾರಿಗಳಿವೆ. ಅಲ್ಲಿ ದಿನಗಟ್ಟಲೆ ನಡೆಯುವ ದುರ್ಗಮ ದಾರಿಯೂ ಇದೆ; ಹೊಳೆಯ ಮಗ್ಗುಲಲ್ಲಿ ಗಾಲಿಕುರ್ಚಿಯವರಿಗಾಗಿಯೇ ಸಮತಟ್ಟು ಮಾಡಿದ, ಒಂದು ಕಿಲೋಮೀಟರೂ ಆಗದ ದಾರಿಯೂ ಇದೆ. ಇಬ್ಬರಿಗೂ ಕಾಡು ದೊರಕಿತು. ಯಾರಿಗಾಗಿಯೂ ಬೆಟ್ಟವನ್ನು ಕಡಿಯಬೇಕಾಗಲಿಲ್ಲ.

ಈ ಸೀಮೆಯಲ್ಲಿ ನಡೆಯುತ್ತಿರುವುದೇನು? ರಜೆಯ ದಿನ ಕುಟುಂಬವೊಂದು ಮಲೆನಾಡಿಗೆ ಬರುತ್ತದೆ. ಇಪ್ಪತ್ತರ ಮಗನು ಕುದುರೆಮುಖದ ಶಿಖರಕ್ಕೆ ಚೀಟಿ ಪಡೆದು ಮುಳ್ಳೋಡಿಯಿಂದ ಹೊರಡುತ್ತಾನೆ. ಹೋಗಿ ಬರಲು ಸುಮಾರು ಇಪ್ಪತ್ತು ಕಿಲೋಮೀಟರು, ದಿನವಿಡೀ ಹಿಡಿಯುವ ಕೆಲಸ. ಅರುವತ್ತೈದರ ಅಜ್ಜಿ, ಮೊಣಕಾಲು ನೋವಿನ ತಾಯಿ, ಆರು ವರ್ಷದ ಮಗು, ಇವರಿಗೆ ಏನುಂಟು? ವಸತಿಗೃಹದ ಜಗಲಿಯುಂಟು, ಟೀ ಅಂಗಡಿಯುಂಟು. ಕಾಡು ಕಣ್ಣೆದುರಿಗೇ ಇದೆ. ಅರ್ಧ ಕಿಲೋಮೀಟರು ಸಮನಾದ ದಾರಿಯೊಂದು ಮರಗಳ ನಡುವೆ ಹಳ್ಳದವರೆಗೆ ಹೋಗಿದ್ದರೆ ಅಜ್ಜಿಯು ಕಾಜಾಣದ ದನಿಯನ್ನು ಕೇಳುತ್ತಿದ್ದಳು, ಮಗುವು ಮೊದಲ ಬಾರಿಗೆ ಇಂಬಳವನ್ನು ಕಂಡು ಕಿರುಚುತ್ತಿತ್ತು. ಅಂತಹ ದಾರಿಯಿಲ್ಲದ ಕಾರಣ ತಾಯಿಯೂ ಮಗುವೂ “ಸ್ವಲ್ಪ ದೂರ ನೋಡೋಣ” ಎಂದು ಶಿಖರದ ದಾರಿಯನ್ನೇ ಹಿಡಿಯುವುದುಂಟು. ಹಾಗೆ ಹಿಡಿದವರು ಆಯಾಸಗೊಂಡು, ಒಳದಾರಿ ಹುಡುಕಿ, ಹುಲ್ಲನ್ನು ತುಳಿಯುತ್ತಾರೆ. ಒಂದು ಕಾಲುದಾರಿಯ ಪಕ್ಕದಲ್ಲಿ ಎರಡು, ಎರಡರ ಪಕ್ಕದಲ್ಲಿ ನಾಲ್ಕು ಹುಟ್ಟುತ್ತವೆ. ಹುಲ್ಲು ಸವೆದಲ್ಲಿ ಮಲೆನಾಡಿನ ಮಳೆಯು ಮಣ್ಣನ್ನು ಉಳಿಸುವುದಿಲ್ಲ. ಈ ವರ್ಷದ ಹೆಜ್ಜೆಯ ಗುರುತು ಬರುವ ವರ್ಷದ ಕೊರಕಲು. ಹೀಗೆ ಸುಲಭದ ದಾರಿಯಿಲ್ಲದಿರುವುದೇ ಕಾಡಿನ ನಾಶಕ್ಕೆ ಹೇತುವಾಗುತ್ತದೆಂಬುದನ್ನು ಮೊದಲನೆಯ ಪಕ್ಷದವರು ಗಮನಿಸಬೇಕು.

ಆದುದರಿಂದ ಮಾಡತಕ್ಕದ್ದು ಇಷ್ಟು. ಪ್ರತಿ ಅರಣ್ಯೋದ್ಯಾನದ ಅಂಚಿನಲ್ಲಿ, ಊರಿಗೆ ಸಮೀಪದಲ್ಲಿ, ಮಕ್ಕಳಿಗೂ ಮುದುಕರಿಗೂ ಗಾಲಿಕುರ್ಚಿಯವರಿಗೂ ಆಗುವ ಒಂದು ಗಿಡ್ಡ ದಾರಿ ಇರಬೇಕು. ಅದರಾಚೆಗೆ ಅರ್ಧ ದಿನದ ಮಧ್ಯಮ ದಾರಿಯೊಂದು. ಶಿಖರದ ದಾರಿಯು ಅದನ್ನು ನಡೆಯಬಲ್ಲವರಿಗೆ ಮಾತ್ರ, ಮಿತವಾದ ಸಂಖ್ಯೆಯಲ್ಲಿ. ಮೂರಕ್ಕೂ ಮೂರು ಬಣ್ಣದ ಗುರುತು, ಹಿಡಿಯುವ ಹೊತ್ತು, ನೀರು ಸಿಗುವ ತಾಣ, ಯಾವ ಗಂಟೆಯ ಬಳಿಕ ಮುಂದೆ ಹೋಗಬಾರದೆಂಬ ಸೂಚನೆ, ಇವೆಲ್ಲವನ್ನೂ ಕನ್ನಡದಲ್ಲಿ ಬರೆದು ದಾರಿಯ ಬಾಯಲ್ಲಿ ನೆಡಬೇಕು. ದಾರಿ ತೋರಿಸುವ ಕೆಲಸವು ಆ ಕಾಡನ್ನು ಬಲ್ಲವರಿಗೆ ಸಲ್ಲಬೇಕು. ಕುದುರೆಮುಖದ ಸೀಮೆಯ ಮಲೆಕುಡಿಯರಿಗೆ ತಿಳಿದಿರುವಷ್ಟು ದಾರಿ ಯಾವ ನಕ್ಷೆಗೂ ತಿಳಿಯದು. ಆ ತಿಳಿವಿಗೆ ತಕ್ಕ ಸಂಬಳವನ್ನು ಕೊಡುವುದು ಉಪಕಾರವಲ್ಲ, ಋಣಪರಿಹಾರ. ಈ ವೆಚ್ಚಕ್ಕೆ ಹಣವೆಲ್ಲಿ ಎಂದು ಕೇಳುವವರು, ಶಿಖರದವರೆಗೆ ಒಂದು ರಸ್ತೆಯನ್ನು ಕಡಿಯಲು ತಗಲುವ ಹಣದಲ್ಲಿ ಇಂತಹ ಕಾಲುದಾರಿಗಳು ಎಷ್ಟಾದಾವೆಂದು ಒಮ್ಮೆ ಗುಣಿಸಿ ನೋಡಲಿ.

ಗೃಹಸ್ಥರಿಗೂ ಇದರಲ್ಲಿ ಪಾಲುಂಟು. ಮಕ್ಕಳನ್ನು ಮೊದಲ ಬಾರಿಗೆ ಕಾಡಿಗೆ ಕರೆದೊಯ್ಯುವಾಗ “ಎಷ್ಟು ಎತ್ತರ ಹತ್ತಿದೆ?” ಎಂದು ಕೇಳುವ ತಂದೆಯು ಮಗನನ್ನು ಸ್ತುತಿಪಾಠಕನನ್ನಾಗಿ ಮಾಡುತ್ತಾನೆ; “ಏನನ್ನು ಕಂಡೆ?” ಎಂದು ಕೇಳುವವನು ಕಾಡಿಗೊಬ್ಬ ಮಿತ್ರನನ್ನು ಸಂಪಾದಿಸಿಕೊಡುತ್ತಾನೆ. ನಂದಿಯವರೆಗೆ ಬಂದವನೂ ಚಾಮುಂಡಿಯ ಭಕ್ತನೇ ಎಂಬುದನ್ನು ಒಪ್ಪಿದ ಜನರಿಗೆ, ಹಳ್ಳದವರೆಗೆ ನಡೆದವನೂ ಮಲೆಯನ್ನು ಕಂಡವನೇ ಎಂಬುದನ್ನು ಒಪ್ಪುವುದು ಕಷ್ಟವಾಗಬಾರದು.