ಅರ್ಧ ಕೇಳಿಸುವ ಮಗು ಯಾರ ಲೆಕ್ಕದಲ್ಲಿದೆ?

ಪ್ರತಿ ವರ್ಷ ಮಾರ್ಚ್ 3ಕ್ಕೆ ವಿಶ್ವ ಶ್ರವಣ ದಿನ ಬರುತ್ತದೆ. ಕೆಲವು ಶಾಲೆಗಳಲ್ಲಿ ಜಾಥಾ ನಡೆಯುತ್ತದೆ, ಚಿತ್ರ ಬರೆಯುವ ಸ್ಪರ್ಧೆ ಇರುತ್ತದೆ, ವೈದ್ಯರೊಬ್ಬರು ಬಂದು ಕಿವಿಗೆ ಕಡ್ಡಿ ಹಾಕಬೇಡಿ ಎಂದು ಹೇಳಿ ಹೋಗುತ್ತಾರೆ. ಇದರಿಂದ ನಷ್ಟವೇನಿಲ್ಲ. ಆದರೆ ಇಂಥ ಕಾರ್ಯಕ್ರಮ ಮಾಡುವವರ ಮನಸ್ಸಿನಲ್ಲಿರುವುದು ಪೂರ್ತಿ ಕಿವಿ ಕೇಳದ ಮಗು. ಆ ಮಗುವಿನ ವಿಷಯ ಮನೆಯವರಿಗೆ, ಓಣಿಯವರಿಗೆ, ಅಂಗನವಾಡಿ ಕಾರ್ಯಕರ್ತೆಗೆ ಸಾಮಾನ್ಯವಾಗಿ ಮೊದಲೇ ಗೊತ್ತಿರುತ್ತದೆ. ಯಾರಿಗೂ ಗೊತ್ತಾಗದೆ ತರಗತಿಯಲ್ಲಿ ಕೂತಿರುವುದು ಬೇರೆಯೇ ಮಗು. ಅದಕ್ಕೆ ಒಂದು ಕಿವಿ ಮಾತ್ರ ಕೇಳುತ್ತಿರಬಹುದು, ಎರಡೂ ಅರ್ಧಂಬರ್ಧ ಕೇಳುತ್ತಿರಬಹುದು, ಬೇಸಿಗೆಯಲ್ಲಿ ಸರಿಯಿದ್ದ ಕಿವಿ ಮಳೆಗಾಲದ ನೆಗಡಿಗೆ ಮಂದವಾಗುತ್ತಿರಬಹುದು. ಕರೆದರೆ ತಿರುಗಿ ನೋಡುತ್ತದೆ, ಮಾತಾಡುತ್ತದೆ, ಎಲ್ಲರ ಜೊತೆ ಆಡುತ್ತದೆ. ಹಾಗಾಗಿ ಅದಕ್ಕೆ ಸಿಗುವ ಬಿರುದು ‘ಗಮನವಿಲ್ಲ’, ‘ದಡ್ಡ’, ‘ಎಷ್ಟು ಸಲ ಹೇಳಿದರೂ ತಲೆಗೆ ಹೋಗಲ್ಲ’. ಶಾಲೆಗಳಲ್ಲಿ ಶ್ರವಣ ಮತ್ತು ಮಾತಿನ ಆರೋಗ್ಯದ ಅರಿವು ಮೂಡಿಸುತ್ತೇವೆ ಎನ್ನುವವರು ಮೊದಲು ಈ ಮಗುವನ್ನು ಗುರುತಿಸುವುದನ್ನು ಶಿಕ್ಷಕರಿಗೆ ಕಲಿಸಬೇಕು. ಮಕ್ಕಳ ಜಾಥಾ ಆಮೇಲೆ ನಡೆದರೂ ಆದೀತು.

ಈ ಮಗು ಸರ್ಕಾರದ ಲೆಕ್ಕಕ್ಕೂ ಸಿಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 70 ಡೆಸಿಬಲ್ ನಷ್ಟವಾಗಿದ್ದರೆ ಕಿವುಡು, 60ರಿಂದ 70ರವರೆಗೆ ಇದ್ದರೆ ಮಂದಶ್ರವಣ. ಎದುರಿಗೆ ಕೂತು ಆಡುವ ಸಾಮಾನ್ಯ ಮಾತಿನ ಸದ್ದೇ ಸುಮಾರು 60 ಡೆಸಿಬಲ್ ಇರುತ್ತದೆ. ಅಂದರೆ ಆ ಮಾತು ಕಿವಿಗೆ ಮುಟ್ಟದಂತಾದ ಮೇಲಷ್ಟೇ ಕಾನೂನಿನ ಕಣ್ಣು ಮಗುವಿನ ಮೇಲೆ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಈ ಗೆರೆಯನ್ನು 35 ಡೆಸಿಬಲ್‌ಗೇ ಎಳೆದು, ಜಗತ್ತಿನಲ್ಲಿ 3.4 ಕೋಟಿ ಮಕ್ಕಳಿಗೆ ಚಿಕಿತ್ಸೆಯೋ ಶ್ರವಣ ಸಾಧನವೋ ಬೇಕಾಗಿದೆ ಎನ್ನುತ್ತದೆ. 35ಕ್ಕೂ 60ಕ್ಕೂ ನಡುವೆ ಇರುವ ನಮ್ಮ ಮಕ್ಕಳಿಗೆ ಪ್ರಮಾಣಪತ್ರವಿಲ್ಲ, ಆದ್ದರಿಂದ ಸವಲತ್ತೂ ಇಲ್ಲ. 2011ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 50 ಲಕ್ಷ ಜನರಿಗೆ ಶ್ರವಣ ದೋಷ, 20 ಲಕ್ಷ ಜನರಿಗೆ ಮಾತಿನ ದೋಷ ಎಂದು ದಾಖಲಾಯಿತು. ಅದು ಬಾಗಿಲಿಗೆ ಬಂದ ಗಣತಿದಾರರಿಗೆ ಮನೆಯ ಹಿರಿಯರು ಕೊಟ್ಟ ಉತ್ತರ. ತಮಗೇ ಗೊತ್ತಿಲ್ಲದ್ದನ್ನು ಅವರು ಹೇಗೆ ಬರೆಸಿಯಾರು?

ಅರ್ಧ ಕೇಳಿಸುವುದೆಂದರೆ ತರಗತಿಯಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಚಿಕ್ಕ ಮಕ್ಕಳಲ್ಲಿ ಗಂಟಲಿನಿಂದ ಕಿವಿಗೆ ಹೋಗುವ ನಾಳ ಮೋಟಾಗಿ, ಹೆಚ್ಚು ಓರೆಯಿಲ್ಲದೆ ಇರುತ್ತದೆ. ನೆಗಡಿ ಬಂದು ಹೋದ ಮೇಲೂ ಕಿವಿತಮಟೆಯ ಹಿಂದೆ ದ್ರವ ನಿಂತುಬಿಡುತ್ತದೆ. ಎಷ್ಟೋ ಸಲ ನೋವಿರುವುದಿಲ್ಲ, ಜ್ವರವಿರುವುದಿಲ್ಲ, ಕಿವಿ ಸೋರುವುದೂ ಇಲ್ಲ. ಶ್ರವಣ ಮಾತ್ರ 25–30 ಡೆಸಿಬಲ್ ಕುಗ್ಗುತ್ತದೆ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಪಾಠ ಕೇಳಿದ ಹಾಗೆ. ಇದು ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಸ್ವರಗಳು ಗಟ್ಟಿಯಾದ ಸದ್ದು, ಹೇಗೋ ತಲುಪುತ್ತವೆ. ಸ, ಶ, ತ, ಕ ಮುಂತಾದ ಮೆಲುಸದ್ದಿನ ವ್ಯಂಜನಗಳು ಕಳೆದುಹೋಗುತ್ತವೆ. ಕನ್ನಡದ ವಾಕ್ಯದಲ್ಲಿ ಮುಖ್ಯವಾದದ್ದು ಕೊನೆಯಲ್ಲಿ ಬರುತ್ತದೆ, ಮಾತಾಡುವವರ ದನಿ ಇಳಿಯುವುದೂ ಅಲ್ಲೇ. ‘ಬರೆಯಬೇಕು’, ‘ಬರೆಯಬಾರದು’ ಎಂಬಲ್ಲಿ ಬಾಲವೇ ಕೇಳದಿದ್ದರೆ ಮಗು ಮಾಡುವುದೇನು? ಪಕ್ಕದವರನ್ನು ನೋಡುತ್ತದೆ. ‘ಪುಟ 34 ತೆಗೆಯಿರಿ’ ಎಂದಾಗ ಎಲ್ಲರ ಕೈ ಪುಸ್ತಕಕ್ಕೆ ಹೋದರೆ, ಈ ಮಗುವಿನ ಕಣ್ಣು ಮೊದಲು ಪಕ್ಕದವರ ಪುಸ್ತಕಕ್ಕೆ ಹೋಗುತ್ತದೆ. ಕಪ್ಪುಹಲಗೆ ನೋಡಿ ಬರೆದದ್ದು ಅಚ್ಚುಕಟ್ಟು, ಉಕ್ತಲೇಖನ ಮಾತ್ರ ಅಧ್ವಾನ ಎಂದಾದರೆ ಯಾವ ಶಿಕ್ಷಕರಾದರೂ ಒಮ್ಮೆ ಕಿವಿಯ ಮೇಲೆ ಅನುಮಾನ ಪಡಲೇಬೇಕು.

ಕೋಣೆಯ ಸದ್ದು ಇದರ ಮೇಲೆ ಇನ್ನೊಂದು ಹೊರೆ. ತರಗತಿಯ ಹಿನ್ನೆಲೆ ಸದ್ದು 35 ಡೆಸಿಬಲ್ ದಾಟಬಾರದು, ಶಿಕ್ಷಕರ ದನಿ ಆ ಸದ್ದಿಗಿಂತ 15 ಡೆಸಿಬಲ್‌ನಷ್ಟಾದರೂ ಮೇಲಿರಬೇಕು ಎಂಬುದು ತಜ್ಞರು ಒಪ್ಪಿದ ಅಳತೆ. ನಮ್ಮ 2000ದ ಶಬ್ದಮಾಲಿನ್ಯ ನಿಯಮಗಳು ಶಾಲೆಯ ಸುತ್ತಲಿನ 100 ಮೀಟರನ್ನು ನಿಶ್ಶಬ್ದ ವಲಯ ಎಂದು ಘೋಷಿಸಲು ಅವಕಾಶ ಕೊಟ್ಟು, ಅಲ್ಲಿ ಹಗಲು 50 ಡೆಸಿಬಲ್‌ವರೆಗೆ ಒಪ್ಪುತ್ತವೆ. ಹೆದ್ದಾರಿ ಪಕ್ಕದ ಶಾಲೆಗಳಲ್ಲಿ ಆ ನಿಶ್ಶಬ್ದವೂ ಕಾಗದದಲ್ಲೇ ಉಳಿದಿದೆ. ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಕೋಣೆಯಲ್ಲಿ ಮಕ್ಕಳು ಗುಂಪುಗುಂಪಾಗಿ ವೃತ್ತದಲ್ಲಿ ಕೂರುತ್ತಾರೆ, ಕೆಲವರ ಬೆನ್ನು ಶಿಕ್ಷಕರಿಗೇ ಇರುತ್ತದೆ. ಪದ್ಧತಿ ಒಳ್ಳೆಯದೇ, ತುಟಿ ನೋಡಿ ಮಾತು ಹಿಡಿಯುವ ಮಗುವಿಗೆ ಮಾತ್ರ ಅದು ಕಷ್ಟ. ಅಮೆರಿಕದ ನ್ಯಾಶ್‌ವಿಲ್ ಸೀಮೆಯ 1,218 ಶಾಲಾ ಮಕ್ಕಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀರಾ ಅಲ್ಪ ಶ್ರವಣ ನಷ್ಟವಿದ್ದ ಮಕ್ಕಳಲ್ಲೂ ಶೇಕಡಾ 37 ಮಂದಿ ಒಂದಾದರೂ ತರಗತಿಯಲ್ಲಿ ನಪಾಸಾಗಿದ್ದರು. ನಮ್ಮಲ್ಲಿ ಪ್ರಾಥಮಿಕ ಹಂತದಲ್ಲಿ ನಪಾಸು ಮಾಡುವ ಪದ್ಧತಿ ನಿಂತು ಬಹಳ ಕಾಲವಾಯಿತು. ಅದು ಸರಿಯಾದ ಕ್ರಮವೇ, ಆದರೆ ಎಚ್ಚರಿಸುವ ಆ ಒಂದು ಗಂಟೆಯೂ ನಮ್ಮಲ್ಲಿ ಬಾರಿಸುವುದಿಲ್ಲ.

ಮಾತಿನ ತೊಂದರೆ ಕಿವಿಗೆ ಬೀಳುವಂಥದ್ದು, ಆದ್ದರಿಂದ ಗುರುತಿಸುವುದು ಸುಲಭ. ಎಡವುವುದು ಅದರ ನಂತರ. ತಡವಾಗಿ ಮಾತು ಬಂದರೆ ಬಜೆ ತೇಯ್ದು ನಾಲಿಗೆಗೆ ಸವರುತ್ತಾರೆ, ಸೋದರಮಾವನಿಗೂ ಹೀಗೇ ಆಗಿತ್ತು ಎನ್ನುತ್ತಾರೆ. ಕಿವಿ ಪರೀಕ್ಷೆ ಮಾಡಿಸಬೇಕೆಂದು ಹೊಳೆಯುವುದಿಲ್ಲ. ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗಿ ಬಹುಪಾಲು ಮಕ್ಕಳಲ್ಲಿ ತಾನೇ ಹೋಗುತ್ತದೆ. ಉಳಿದವರಿಗೆ ವಾಕ್ ಚಿಕಿತ್ಸೆ ಬೇಕು. ಆದರೆ ಶಾಲೆಯಲ್ಲಿ ಸಿಗುವ ಚಿಕಿತ್ಸೆ ‘ನಿಧಾನವಾಗಿ ಹೇಳು’ ಎಂಬ ಗದರಿಕೆ, ಇಲ್ಲವೇ ಆ ಮಗುವನ್ನು ಬಿಟ್ಟು ಮುಂದಿನವರನ್ನು ಕೇಳುವುದು. ಎರಡೂ ಮಗುವಿನ ಬಾಯಿ ಕಟ್ಟಿಸುತ್ತವೆ.

ಇಷ್ಟಕ್ಕೆಲ್ಲ ಆರ್‌ಬಿಎಸ್‌ಕೆ ಇದೆಯಲ್ಲ ಎಂದು ಆರೋಗ್ಯ ಇಲಾಖೆ ಕೇಳಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಹೋಗಬೇಕು. ಅವರು ನೋಡಬೇಕಾದ 30ರಷ್ಟು ತೊಂದರೆಗಳ ಪಟ್ಟಿಯಲ್ಲಿ ಕಿವಿ ಸೋರುವಿಕೆ, ಶ್ರವಣ ದೋಷ, ಮಾತು ತಡವಾಗುವುದು ಮೂರೂ ಇವೆ. ಯೋಜನೆ ಕೆಟ್ಟದ್ದಲ್ಲ. ಆದರೆ ಒಂದು ದಿನದಲ್ಲಿ ಇಡೀ ಶಾಲೆಯ ಮಕ್ಕಳನ್ನು ಹಲ್ಲಿನಿಂದ ಹೃದಯದವರೆಗೆ ನೋಡಿ ಮುಗಿಸಬೇಕಾದ ತಂಡಕ್ಕೆ, ಆ ದಿನ ಕಿವಿ ಸರಿಯಿದ್ದು ಮುಂದಿನ ತಿಂಗಳು ಮಂದವಾಗುವ ಮಗು ಸಿಗುವುದು ಹೇಗೆ? ಶಿಕ್ಷಣ ಹಕ್ಕು ಕಾಯ್ದೆಯಂತೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ನಡೆಯಬೇಕು. ಅಷ್ಟೂ ದಿನ ಮಗುವಿನ ಎದುರಿಗಿರುವವರು ಶಿಕ್ಷಕರು. ಅವರು ಹೆಸರು ಬರೆದಿಟ್ಟು ಕೊಟ್ಟರೆ ತಂಡದ ಆ ಒಂದು ದಿನವೂ ಸಾರ್ಥಕವಾಗುತ್ತದೆ.

ಶಿಕ್ಷಕರ ತಲೆಗೆ ಇನ್ನೂ ಒಂದು ಹೊರೆಯೇ ಎಂಬ ಆಕ್ಷೇಪ ನ್ಯಾಯವಾದದ್ದು. ಚುನಾವಣೆ, ಸಮೀಕ್ಷೆ, ಬಿಸಿಯೂಟ, ಮೊಟ್ಟೆಯ ಲೆಕ್ಕ, ಆನ್‌ಲೈನ್ ದಾಖಲೆ ಎಲ್ಲವೂ ಅವರ ಮೇಲಿದೆ. ಅವರು ಕಿವಿ ಪರೀಕ್ಷೆ ಮಾಡಲಿ ಎಂದು ಯಾರೂ ಹೇಳಬಾರದು, ಇದಕ್ಕೊಂದು ಹೊಸ ಆ್ಯಪ್ ಮಾಡಿಸುವುದಂತೂ ಬೇಡವೇ ಬೇಡ. ಕ್ಲಸ್ಟರ್ ಮಟ್ಟದ ಒಂದು ಸಮಾಲೋಚನಾ ಸಭೆಯಲ್ಲಿ ಅರ್ಧ ದಿನ ಸಾಕು: ಯಾವ ಲಕ್ಷಣ ನೋಡಬೇಕು, ಯಾರಿಗೆ ತಿಳಿಸಬೇಕು, ಉಗ್ಗುವ ಮಗುವಿಗೆ ಹೇಗೆ ಕಿವಿಗೊಡಬೇಕು ಎಂಬಷ್ಟೇ. ನಮ್ಮ ಶಾಲೆಗಳು ಇಂಥ ಕೆಲಸ ಮಾಡಿ ತೋರಿಸಿವೆ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನವನ್ನು ದೇಶದಲ್ಲಿ ಮೊದಲು ಕೈಗೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ವಾಟ್ಸ್‌ಆ್ಯಪ್‌ನಲ್ಲಿ ವದಂತಿ ಹರಡಿದ್ದರೂ ಲಸಿಕೆ ಶಾಲೆಯ ಆವರಣದಲ್ಲೇ ಮಕ್ಕಳನ್ನು ತಲುಪಿತು. ಬಸುರಿಗೆ ರುಬೆಲ್ಲಾ ಬಂದರೆ ಮಗು ಕಿವುಡಾಗಿ ಹುಟ್ಟಬಹುದು. ಹಾಗೆ ನೋಡಿದರೆ ಅದು ಶಾಲೆಗಳಲ್ಲೇ ನಡೆದ ದೊಡ್ಡ ಶ್ರವಣ ರಕ್ಷಣಾ ಕಾರ್ಯಕ್ರಮ, ಆ ಹೆಸರಿನಿಂದ ಯಾರೂ ಕರೆಯಲಿಲ್ಲ ಅಷ್ಟೇ.

ಹೆಚ್ಚು ಗಟ್ಟಿಯಾದ ಆಕ್ಷೇಪ ಬ್ರಿಟನ್ನಿನಿಂದ ಬಂದಿದೆ. ಶಾಲೆ ಸೇರುವಾಗ ಕಿವಿ ಪರೀಕ್ಷೆ ನಡೆಸುವ ನಾಟಿಂಗ್‌ಹ್ಯಾಮ್ ಮತ್ತು ನಡೆಸದ ಕೇಂಬ್ರಿಡ್ಜ್ ಎರಡನ್ನೂ ಹೋಲಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು; ಪರೀಕ್ಷೆಯಿಂದ ಹೇಳಿಕೊಳ್ಳುವ ಲಾಭ ಅದರಲ್ಲಿ ಕಾಣಲಿಲ್ಲ. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಅಲ್ಲಿ ಹುಟ್ಟಿದ ಮಗುವಿಗೆ ಕೆಲವೇ ವಾರಗಳಲ್ಲಿ ಶ್ರವಣ ಪರೀಕ್ಷೆ ಆಗುತ್ತದೆ, ಪ್ರತಿ ಕುಟುಂಬಕ್ಕೂ ಒಬ್ಬ ವೈದ್ಯರು ಗೊತ್ತಿರುತ್ತಾರೆ. ನಮ್ಮಲ್ಲಿ ನವಜಾತ ಶಿಶುವಿನ ಶ್ರವಣ ಪರೀಕ್ಷೆ ಎಲ್ಲ ಹೆರಿಗೆ ಆಸ್ಪತ್ರೆಗಳಿಗೂ ತಲುಪಿಲ್ಲ. ಹಾಗಾಗಿ ಒಂದನೇ ತರಗತಿಯಲ್ಲಿ ಮಾಡುವ ಪರೀಕ್ಷೆಯೇ ಎಷ್ಟೋ ಮಕ್ಕಳಿಗೆ ಮೊದಲನೆಯದಾಗುತ್ತದೆ. ಇನ್ನೊಂದು ಮಾತು: ಪರೀಕ್ಷೆಯಿಲ್ಲದ ಊರಲ್ಲೂ ಮಕ್ಕಳು ವೈದ್ಯರನ್ನು ತಲುಪುತ್ತಾರೆಂದರೆ, ಅನುಮಾನ ಬಂದು ಕರೆದೊಯ್ಯುವ ದೊಡ್ಡವರು ಅಲ್ಲಿದ್ದಾರೆ ಎಂದಾಯಿತು. ನಮಗೆ ಬೇಕಿರುವುದೂ ಅಂಥ ಅನುಮಾನವೇ.

ಪತ್ತೆ ಮಾಡಿ ಕಳಿಸುವುದು ಎಲ್ಲಿಗೆ ಎಂಬುದು ಉಳಿದ ಪ್ರಶ್ನೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥದ್ದು ಪಕ್ಕದಲ್ಲೇ ಇರುವುದು ನಮ್ಮ ಭಾಗ್ಯ. ಹುಲ್ಲಹಳ್ಳಿ, ಅಕ್ಕಿಹೆಬ್ಬಾಳು, ಗುಂಬಳ್ಳಿಯಂಥ ಊರುಗಳಲ್ಲಿ ಅದು ಸೇವಾ ಕೇಂದ್ರಗಳನ್ನೂ ತೆರೆದಿದೆ. ಆದರೆ ಬೀದರ್, ಯಾದಗಿರಿಯ ತಾಯಿಗೆ ಮೈಸೂರು ಪಕ್ಕದಲ್ಲಿಲ್ಲ. ತಾಲ್ಲೂಕು ಮಟ್ಟದಲ್ಲಿ ಶ್ರವಣ ತಜ್ಞರನ್ನು ನೇಮಿಸದಿರುವುದು ಸರ್ಕಾರದ ಲೋಪ, ಅದಕ್ಕೆ ಸಬೂಬು ಹುಡುಕಬೇಕಿಲ್ಲ. ಹಾಗೆಂದು ತಜ್ಞರು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಬಾಲ್ಯದ ಶ್ರವಣ ನಷ್ಟದಲ್ಲಿ ಶೇಕಡಾ 60ರಷ್ಟು ತಡೆಯಬಹುದಾದ ಕಾರಣಗಳಿಂದ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಕಟ್ಟಿದ ಗುಗ್ಗೆ, ಕಿವಿಯಲ್ಲಿ ಸಿಕ್ಕಿದ ಬಳಪದ ಚೂರು, ಸೋರುವ ಕಿವಿಗೆ ಬಿಟ್ಟ ಬಿಸಿ ಎಣ್ಣೆ, ಇವುಗಳಿಗೆ ದೊಡ್ಡ ಆಸ್ಪತ್ರೆ ಬೇಡ. ಮಗುವನ್ನು ಮುಂದಿನ ಸಾಲಿಗೆ, ಕೇಳುವ ಕಿವಿ ಶಿಕ್ಷಕರ ಕಡೆಗಿರುವಂತೆ ಕೂರಿಸಲು ದುಡ್ಡೂ ಬೇಡ.

ಶಿಕ್ಷಣ ಇಲಾಖೆ ಆ ಅರ್ಧ ದಿನದ ತರಬೇತಿಯನ್ನು ಮಳೆಗಾಲಕ್ಕೆ ಮೊದಲೇ ಮುಗಿಸಬೇಕು, ಆರೋಗ್ಯ ಇಲಾಖೆ ತನ್ನ ತಂಡಗಳ ಕೈಗೆ ಒಂದೊಂದು ಆಡಿಯೋಮೀಟರ್ ಕೊಡಬೇಕು. ಹೆಡ್‌ಫೋನ್ ಹಾಕಿ ಮೂರು ನಾದಗಳನ್ನು ಕೇಳಿಸಿ ನೋಡಲು ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ತಂಡಗಳು ಹೋಗುವುದಿಲ್ಲ. ನಿಮ್ಮ ಮಗು ಅಂಥ ಶಾಲೆಯಲ್ಲಿದ್ದರೆ, ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿ ನೋಡುವ ಮೊದಲು ಒಂದು ಪ್ರಶ್ನೆ ಕೇಳಿ: ಒಂದನೇ ತರಗತಿಗೆ ಸೇರಿಸಿಕೊಂಡ ಮಕ್ಕಳ ಕಿವಿ ಪರೀಕ್ಷೆ ಮಾಡಿಸಿದ್ದೀರಾ?